ಸಹಾಯ ಬೇಕು: ಸ್ವೀಚ್ಕೊವಾ ಜೊತೆಗೆ ಯಾವ ಮೊರಾವಿಯಾ ವೈನ್?

ಚೆಕ್ ದೇಶದ ಬ್ರ್ನೋದಲ್ಲಿರುವ ಕನ್ನಡಿಗರೇ, ಸ್ವಲ್ಪ ನೆರವಾಗಿ. ಶನಿವಾರ ನಮ್ಮ ಮನೆಯ ಮಾಲೀಕರು, ವಯಸ್ಸಾದ ದಂಪತಿ, ಊಟಕ್ಕೆ ಬರುತ್ತಿದ್ದಾರೆ. ಅವರಿಂದಲೇ ಕಲಿತ ಸ್ವೀಚ್ಕೊವಾ ಎಂಬ ಚೆಕ್ ಮಾಂಸದಡುಗೆಯನ್ನು ಅವರಿಗೇ ಬಡಿಸುವ ಭಂಡ ಧೈರ್ಯ ಮಾಡಿದ್ದೇನೆ. ಅಡುಗೆ ಹೇಗೋ ಆಗುತ್ತದೆ, ತಲೆನೋವಾಗಿರುವುದು ವೈನ್. ಬಿಯರ್ ಇಟ್ಟು ಪಾರಾಗೋಣವೆಂದರೆ ಮನೆ ಮಾಲೀಕರು ಇಲ್ಲಿನ ವೈನ್ ಸೀಮೆ ಮೊರಾವಿಯಾದ ಮಿಕುಲೊವ್ ಕಡೆಯವರು, ದ್ರಾಕ್ಷಿ ತೋಟದಲ್ಲೇ ಬೆಳೆದವರು.

ಸ್ವೀಚ್ಕೊವಾ ಎಂದರೆ ಕ್ಯಾರೆಟ್, ಸೆಲರಿ ಗಡ್ಡೆ, ಪಾರ್ಸ್ಲಿ ಬೇರು ಬೇಯಿಸಿ ರುಬ್ಬಿ ಕೆನೆ ಬೆರೆಸಿದ ಗೊಜ್ಜು, ಅದರಲ್ಲಿ ದನದ ಮಾಂಸ, ಪಕ್ಕದಲ್ಲಿ ಕ್ನೆಡ್ಲಿಕಿ (ಬೇಯಿಸಿದ ಹಿಟ್ಟಿನ ಹೋಳುಗಳು), ಮೇಲೆ ನಿಂಬೆ ಹೋಳು, ಕ್ರ್ಯಾನ್‌ಬೆರಿ. ಹುಳಿ, ಸಿಹಿ, ಜಿಡ್ಡು ಎಲ್ಲವೂ ಒಂದೇ ತಟ್ಟೆಯಲ್ಲಿ! ಕಳೆದ ವಾರ ಪರೀಕ್ಷೆಗೆಂದು ಸಿಹಿಯಿಲ್ಲದ ಬಿಳಿ ವೈನ್ ವೆಲ್ಟ್‌ಲಿನ್ಸ್ಕೆ ಜೆಲೆನೆ ತಂದೆ. ಬರಿದಾಗಿ ಕುಡಿದಾಗ ಕಾಳುಮೆಣಸಿನ ಘಾಟಿನೊಂದಿಗೆ ಸೊಗಸಾಗಿತ್ತು. ಗೊಜ್ಜಿನ ತುತ್ತಿನ ಮೇಲೆ ಹುಣಸೆ ನೀರು ಕುಡಿದಂತಾಯಿತು. ಮರುದಿನ ಅರೆಸಿಹಿ ಬಿಳಿ ವೈನ್ ಪಾಲಾವಾ. ಅದರ ಗುಲಾಬಿ ಪರಿಮಳದಲ್ಲಿ ಮಾಂಸದ ರುಚಿಯೇ ಮುಳುಗಿಹೋಯಿತು.

ಹೆಬ್ಬಾತು ಹುರಿಯುವುದಾಗಿದ್ದರೆ ಚಿಂತೆಯಿರಲಿಲ್ಲ, ನವೆಂಬರ್ 11ಕ್ಕೆ ತೆರೆಯುವ ಸ್ವತೊಮಾರ್ಟಿನ್ಸ್ಕೆ ಎಳೆ ವೈನ್ ಇದ್ದೇ ಇದೆ.

ಈಗ ಎರಡು ಯೋಚನೆಗಳಿವೆ. ಸೀಸೆಯ ಮೇಲೆ ‘ಪೊಲೊಸುಖೆ’ ಎಂದಿರುವ, ಅಂದರೆ ತುಸುವೇ ಸಿಹಿಯಿರುವ ಬಿಳಿ ವೈನ್ ರಿನ್ಸ್ಕಿ ರಿಜ್ಲಿಂಕ್. ಇಲ್ಲವೇ ಒಗರು ಕಡಿಮೆಯಿರುವ ಕೆಂಪು ಫ್ರಾಂಕೊವ್ಕಾ, ಸ್ವಲ್ಪ ತಣ್ಣಗೆ ಮಾಡಿ. ಎರಡರಲ್ಲಿ ಯಾವುದನ್ನಾದರೂ ಸ್ವೀಚ್ಕೊವಾ ಜೊತೆಗೆ ಕುಡಿದು ನೋಡಿದವರಿದ್ದೀರಾ? ಬೆಲೆ 300 ಕೊರುನಾ ಒಳಗಿರಲಿ. ಶುಕ್ರವಾರ ಸಂಜೆ ಅಂಗಡಿಗೆ ಹೋಗುತ್ತೇನೆ, ಅದಕ್ಕೆ ಮೊದಲು ತಿಳಿಸಿದರೆ ಉಪಕಾರ.