ಪುಟಾಣಿಗಳಿಗೆ ಸಾಕುಪ್ರಾಣಿ ಕಥೆ: ಗ್ರಂಥಾಲಯಕ್ಕೆ ಮುಧೋಳ ನಾಯಿ ಕರೆಸಬಹುದಾ?

ಪುಸ್ತಕದಕ್ಕ (ಮುಧೋಳ ತಾಲೂಕು)

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಈಗ ಅರಿವು ಕೇಂದ್ರ ಅಂತಾರಲ್ಲ, ಅದೇ. ಶಾಲೆ ಮಕ್ಕಳು ಸಂಜೆ ತಾವಾಗೇ ಬಂದು ಓದುತ್ತಾರೆ, ಕೇರಂ ಆಡುತ್ತಾರೆ. ಅಂಗನವಾಡಿಯಲ್ಲಿ ಆಟ ಪಾಠ ಶುರುವಾಗೋದು 3 ವರ್ಷದ ಮೇಲೆ. ಅದಕ್ಕಿಂತ ಚಿಕ್ಕವರಿಗೆ, ಅಂದರೆ ಈಗಷ್ಟೇ ಓಡಾಡೋದು, ಮಾತಾಡೋದು ಕಲಿತಿರೋ ಮಕ್ಕಳಿಗೆ, ನಮ್ಮಲ್ಲಿ ಏನೂ ಇಲ್ಲ. ತಾಯಂದಿರ ಜೊತೆ ಅವರನ್ನೂ ಗ್ರಂಥಾಲಯಕ್ಕೆ ಕರೆಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಪುಸ್ತಕ ಅಂದರೆ ಪರೀಕ್ಷೆ ಅಂತ ತಲೆಗೆ ಬರೋ ಮೊದಲೇ ಅದರ ರುಚಿ ಹತ್ತಬೇಕು ಅಲ್ವಾ.

ಮೊದಲ ಸಲಕ್ಕೆ ಸಾಕುಪ್ರಾಣಿಗಳ ಕಥೆ ಅಂತ ಅಂದುಕೊಂಡಿದ್ದೇನೆ. ಎಷ್ಟು ಹೊತ್ತು ಇಡಬೇಕು? ಎಷ್ಟು ಕಥೆ ಹೇಳಬೇಕು? ಇಷ್ಟು ಸಣ್ಣವರಿಗೆ ಕನ್ನಡದ ಪುಸ್ತಕ ಎಲ್ಲಿ ಸಿಗುತ್ತವೆ? ಇನ್ನೊಂದು ವಿಷಯ. ನಮ್ಮ ಓಣಿಯಲ್ಲಿ ಒಬ್ಬರು ಮುಧೋಳ ನಾಯಿ ಸಾಕಿದ್ದಾರೆ, ಅವತ್ತು ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ. ನಮ್ಮ ಭಾಗದ ಹೆಮ್ಮೆಯ ನಾಯಿ, ಮಕ್ಕಳಿಗೆ ಖುಷಿ ಆಗುತ್ತೆ ಅಂತ ನನಗೂ ಅನಿಸಿದೆ. ಕರೆಸಲಾ?

ಬೇಟೆನಾಯಿ ಅಭಿಮಾನಿ (ಜಮಖಂಡಿ)

ಕರೆಸಿ ಅಕ್ಕಾರೆ! ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೈನ್ಯದ ತರಬೇತಿ ಕೇಂದ್ರಕ್ಕೂ ಹೋದವು. ಅಷ್ಟು ದೂರದವರಿಗೆ ಗೊತ್ತಿರೋ ನಾಯಿ ನಮ್ಮ ಮಕ್ಕಳಿಗೆ ಗೊತ್ತಿರಬೇಡವಾ?

ಅಂಗನವಾಡಿ ಟೀಚರ್ (ಬಾದಾಮಿ ಕಡೆ)

ನಾಯಿ ವಿಷಯ ಗೊತ್ತಿರೋರು ಹೇಳಲಿ, ನಾನು ಕಥೆ ಬಗ್ಗೆ ಬರೆಯುತ್ತೇನೆ.

ಅಕ್ಕಾರೆ, 20 ನಿಮಿಷ ಸಾಕು. ಎರಡು ವರ್ಷದ ಮಗುವಿಗೆ ಅಷ್ಟೇ ಜಾಸ್ತಿ. ಕಥೆ ಎರಡು ಇಟ್ಟುಕೊಳ್ಳಿ. ಮೊದಲನೆಯದು ಮುಗಿದ ಮೇಲೆ ಮಕ್ಕಳು ಮತ್ತೆ ಅದೇ ಬೇಕು ಅಂದರೆ ಎರಡನೆಯದನ್ನು ಬಿಟ್ಟು ಅದನ್ನೇ ಇನ್ನೊಮ್ಮೆ ಓದಿ, ಏನೂ ಬೇಜಾರಿಲ್ಲ. ದೊಡ್ಡವರಿಗೆ ಹೊಸ ಕಥೆ ಬೇಕು, ಈ ವಯಸ್ಸಿನವರಿಗೆ ಹಾಗಲ್ಲ, ಮುಂದೆ ಏನು ಬರುತ್ತೆ ಅಂತ ಮೊದಲೇ ಗೊತ್ತಿರೋದರಲ್ಲೇ ಅವರಿಗೆ ಖುಷಿ. ಹಾಗೇ ಶುರುವಿಗೆ ಒಂದು ಹಾಡು, ಮುಗಿಸೋಕೆ ಒಂದು ಹಾಡು ಇರಲಿ. ಪ್ರತಿ ಸಲವೂ ಅವೇ ಹಾಡು. ಆಮೇಲೆ ಆಮೇಲೆ ಹಾಡು ಶುರುವಾದರೆ ಸಾಕು, ತಾವೇ ಬಂದು ಕೂರುತ್ತಾರೆ.

ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಿ. ಕನ್ನಡ ಅಂತ ಆರಿಸಿ, 1ನೇ ಹಂತ ಅಂತ ಆರಿಸಿ. ದುಡ್ಡಿಲ್ಲದೆ ಇಳಿಸಿಕೊಂಡು ಪ್ರಿಂಟ್ ತೆಗೆಸಬಹುದು, ಅದಕ್ಕೆ ಅನುಮತಿ ಅವರೇ ಕೊಟ್ಟಿದ್ದಾರೆ. ಒಂದು ಪುಟಕ್ಕೆ ಒಂದೇ ಸಾಲು, ಚಿತ್ರ ಪುಟದ ತುಂಬ, ಅಂಥದ್ದನ್ನೇ ತೆಗೆದುಕೊಳ್ಳಿ. ಪುಸ್ತಕ ನಿಮ್ಮ ಕಡೆ ತಿರುಗಿಸಿ ಓದಿ ಆಮೇಲೆ ಚಿತ್ರ ತೋರಿಸಬೇಡಿ, ಅಷ್ಟರಲ್ಲಿ ಅರ್ಧ ಮಕ್ಕಳು ಎದ್ದು ಹೋಗಿರುತ್ತಾರೆ. ಚಿತ್ರ ಅವರ ಕಡೆ ಇರಬೇಕು, ಸಾಲು ನಿಮಗೆ ಬಾಯಿಪಾಠ ಆಗಿರಬೇಕು. ಮತ್ತೆ ಪುಸ್ತಕದಲ್ಲಿ ಹೇಗೇ ಬರೆದಿರಲಿ, ನೀವು ನಮ್ಮ ಕಡೆಯ ಮನೆಮಾತಿನಲ್ಲೇ ಹೇಳಿ. ಮಗು ಮನೆಯಲ್ಲಿ ಕೇಳೋ ಮಾತು ಅದೇ ತಾನೇ.

ಕಥೆಗಿಂತ ಸದ್ದು ಮುಖ್ಯ. ಬೆಕ್ಕು ಏನನ್ನುತ್ತೆ ಅಂತ ಕೇಳಿ ಸುಮ್ನೆ ಇರಿ. ಉತ್ತರ ಬರೋಕೆ ಹೊತ್ತಾಗುತ್ತೆ, ದೊಡ್ಡವರಿಗೆ ಆ ಮೌನ ತಡೆಯೋಕಾಗಲ್ಲ, ತಾಯಂದಿರು ತಾವೇ ಮ್ಯಾಂವ್ ಅಂದುಬಿಡುತ್ತಾರೆ. ಕಾಯಿರಿ ಅಂತ ಅವರಿಗೆ ಮೊದಲೇ ಹೇಳಿಡಿ. ನಡುವೆ ಎದ್ದು ನಿಲ್ಲಿಸಿ ನಡೆಸಿ: ಬೆಕ್ಕು ಹೇಗೆ ನಡೆಯುತ್ತೆ, ಮೆಲ್ಲ ಮೆಲ್ಲ. ಎಮ್ಮೆ ಹೇಗೆ ನಡೆಯುತ್ತೆ, ಧಪ್ ಧಪ್. ಮೊಲ ಹೇಗೆ ಹೋಗುತ್ತೆ, ಟಣ್ ಟಣ್. ಕಥೆ ಕೇಳದೆ ಮೂಲೆಯಲ್ಲಿ ಓಡಾಡೋ ಮಗುವನ್ನು ಎಳೆದು ಕೂರಿಸಬೇಡಿ, ಅದರ ಕಿವಿ ಇಲ್ಲೇ ಇರುತ್ತೆ.

ಒಂದು ಆಟ ಹೇಳುತ್ತೇನೆ, ನಮ್ಮಲ್ಲಿ ಚೆನ್ನಾಗಿ ನಡೆಯುತ್ತೆ. ರಟ್ಟಿನ ಡಬ್ಬಿಗಳ ಮೇಲೆ ನಾಯಿ, ಎಮ್ಮೆ, ಕೋಳಿ ಮುಖ ಬರೆದು ಬಾಯಿ ಇರೋ ಕಡೆ ದೊಡ್ಡದಾಗಿ ಕತ್ತರಿಸಿ. ನಾಯಿಗೆ ಕಾಗದದ ರೊಟ್ಟಿ, ಎಮ್ಮೆಗೆ ಕಣಕಿ, ಕೋಳಿಗೆ ಹಳದಿ ಕಾಗದದ ಚೂರು. ಮಕ್ಕಳು ಒಬ್ಬೊಬ್ಬರೇ ಬಂದು ತಿನ್ನಿಸಬೇಕು. ನಿಜವಾದ ಜೋಳದ ಕಾಳು ಕೊಡಬೇಡಿ, ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ. ಹಳೆ ಕಾಲುಚೀಲದಿಂದ ಬೆಕ್ಕು ಮಾಡಿದರೆ ಕಣ್ಣಿಗೆ ಗುಂಡಿ ಹೊಲಿಯಬೇಡಿ, ಕಿತ್ತು ಬಾಯಿಗೆ ಹಾಕಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ದಾರದಲ್ಲೇ ಕಣ್ಣು ಹೊಲಿಯಿರಿ.

ಪಶುವೈದ್ಯ (ಬೆಳಗಾವಿ)

ಮೇಡಂ, ನಾಯಿ ಬೇಡ. ನಾನು ಮುಧೋಳ ತಳಿಯನ್ನು ಬಹಳ ಇಷ್ಟಪಡೋನು, ಅದಕ್ಕೇ ಹೇಳುತ್ತಿದ್ದೇನೆ.

ಅದು ಕಣ್ಣಿನಿಂದ ಬೇಟೆ ಹಿಡಿಯೋ ನಾಯಿ. ಅಲ್ಲಾಡೋದು, ಓಡೋದು ಏನು ಕಂಡರೂ ಅದರ ಗಮನ ಅಲ್ಲೇ. ತನ್ನ ಮನೆಯವರ ಹತ್ತಿರ ಸಾಧು, ಆದರೆ ಹೊಸಬರು ಮೈ ಮುಟ್ಟೋದನ್ನು ಸಾಮಾನ್ಯವಾಗಿ ಇಷ್ಟಪಡಲ್ಲ. ಅಂಥ ನಾಯಿಯನ್ನು ಸಣ್ಣ ಕೋಣೆಗೆ ತಂದು, ಸುತ್ತ ಕಿರುಚೋ, ದಿಢೀರ್ ಅಂತ ಓಡೋ, ಬಾಲ ಹಿಡಿಯೋ ಪುಟಾಣಿಗಳನ್ನು ಬಿಟ್ಟರೆ ಅದಕ್ಕೂ ಹಿಂಸೆ. ಎತ್ತರ ಯೋಚಿಸಿ. ಗಂಡು ನಾಯಿ ಭುಜದ ಹತ್ತಿರವೇ 70 ಸೆಂ.ಮೀ. ಆಸುಪಾಸು ಇರುತ್ತೆ. ಎರಡು ವರ್ಷದ ಮಗು ಸುಮಾರು 85 ಸೆಂ.ಮೀ. ನಾಯಿಯ ಬಾಯಿ ನೇರವಾಗಿ ಮಗುವಿನ ಮುಖದ ಹತ್ತಿರ ಬರುತ್ತೆ. ಏನಾದರೂ ಆದರೆ ಮೊದಲ ಗಾಯ ಮುಖಕ್ಕೇ.

ಹಾಗಂತ ಬೇರೆ ಪ್ರಾಣಿಯನ್ನೂ ತರಿಸಬೇಡಿ. ಕೋಳಿ ಪಿಳ್ಳೆ ಮುದ್ದಾಗಿರುತ್ತೆ, ಆದರೆ ಅದರ ಮೈಮೇಲಿನ ಸಾಲ್ಮೊನೆಲ್ಲಾ ರೋಗಾಣುವಿನಿಂದ ಭೇದಿ, ಜ್ವರ ಬರಬಹುದು. ಅದಕ್ಕೇ 5 ವರ್ಷದ ಒಳಗಿನ ಮಕ್ಕಳ ಕೈಗೆ ಪಿಳ್ಳೆ ಕೊಡಬಾರದು. ಯಾರಾದರೂ ಪಂಜರದ ಗಿಳಿ ತರುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ. ನಮ್ಮ ದೇಶದ ಗಿಳಿಗಳನ್ನು ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಕ್ಷತ್ರ ಆಮೆಗೂ ಇದೇ ಮಾತು. ಚಿತ್ರಗಳಲ್ಲೂ ಪಂಜರದ ಗಿಳಿ ಬದಲು ಮರದ ಮೇಲಿನ ಗಿಳಿ ಇರಲಿ.

ದೊಡ್ಡ ಮಕ್ಕಳಿಗೆ ಮುಧೋಳ ನಾಯಿ ತೋರಿಸಬೇಕಾದರೆ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ನಿಮಗೆ ಹತ್ತಿರದಲ್ಲೇ ಇದೆ. ಮೊದಲೇ ಕೇಳಿಕೊಂಡು ಹೋಗಿ.

ಬೇಟೆನಾಯಿ ಅಭಿಮಾನಿ (ಜಮಖಂಡಿ)

ಡಾಕ್ಟರ್ ಸರ್ ಹೇಳಿದ್ದು ಸರಿ ಇದೆ, ಎತ್ತರದ ಮಾತು ನನಗೆ ಹೊಳೆದಿರಲಿಲ್ಲ. ಹಾಗಾದರೆ ಅಕ್ಕಾರೆ, ನಾಯಿ ಮನೆಯಲ್ಲೇ ಇರಲಿ, ಸಾಕಿದವರು ಮಾತ್ರ ಬರಲಿ. ನಾಯಿ ಊಟ ಮಾಡೋ ಬಟ್ಟಲು, ಕೊರಳ ಪಟ್ಟಿ, ನಿಜವಾದ ಅಳತೆಗೆ ಬರೆದ ನಾಯಿಯ ಚಿತ್ರ ತರಲಿ. ಮಕ್ಕಳು ಚಿತ್ರದ ಪಕ್ಕ ನಿಂತು ಎತ್ತರ ನೋಡಿಕೊಳ್ಳಬಹುದು. ಅಂಚೆ ಚೀಟಿ ವಿಷಯ ತಾಯಂದಿರಿಗೆ ಹೇಳಿ, ಅವರಿಗೂ ಏನಾದರೂ ಸಿಕ್ಕ ಹಾಗಾಗುತ್ತೆ.

ಪುಸ್ತಕದಕ್ಕ (ಮುಧೋಳ ತಾಲೂಕು)

ಎಲ್ಲರಿಗೂ ಬಹಳ ಬಹಳ ಧನ್ಯವಾದ. ನಾಯಿ ಬೇಡ ಅಂತ ತೀರ್ಮಾನ ಆಯಿತು. ನಿಜವಾದ ಅಳತೆಯ ಚಿತ್ರ ತುಂಬ ಇಷ್ಟ ಆಯಿತು ಅಣ್ಣಾರೆ, ನಮ್ಮ ಹೈಸ್ಕೂಲ್ ಹುಡುಗಿಯರ ಹತ್ತಿರ ಬರೆಸುತ್ತೇನೆ.

ಒಂದು ಕೇಳೋದಿದೆ. ಬರೋ ಮಕ್ಕಳಲ್ಲಿ ಒಂದನ್ನು ಬೀದಿ ನಾಯಿ ಅಟ್ಟಿಸಿಕೊಂಡು ಬಂದಿತ್ತು. ಈಗ ನಾಯಿ ಬೊಗಳಿದರೆ ಸಾಕು, ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತೆ. ಅದಕ್ಕೆ ಏನು ಮಾಡಲಿ?

ಎರಡು ಮಕ್ಕಳ ಅವ್ವ (ವಿಜಯಪುರ)

ಅಕ್ಕಾ, ನನ್ನ ಚಿಕ್ಕವನೂ ಹಾಗೇ ಇದ್ದ. ಕಥೆಯನ್ನು ನಾಯಿಯಿಂದ ಶುರು ಮಾಡಬೇಡಿ. ಕರುವಿನಿಂದ ಶುರು ಮಾಡಿ, ಆಮೇಲೆ ಬೆಕ್ಕು, ಆಡಿನ ಮರಿ, ಕೊನೆಗೆ ಮಲಗಿರೋ ನಾಯಿಮರಿ ಚಿತ್ರ. ಜೋರಾಗಿ ಬೊಗಳಿ ತೋರಿಸಬೇಡಿ. ಆ ಮಗು ತಾಯಿಯ ತೊಡೆ ಮೇಲೆ ಕೂತು ದೂರದಿಂದ ನೋಡಿದರೂ ಸಾಕು. ಹೆದರಬೇಡ, ಏನೂ ಮಾಡಲ್ಲ ಅಂತ ಮಾತ್ರ ಹೇಳಬೇಡಿ. ಅದನ್ನು ನಾಯಿ ಅಟ್ಟಿದ್ದು ನಿಜ ಅಲ್ವಾ.

ನಮ್ಮ ಕಡೆ ಮಕ್ಕಳಿಗೆ ಸಾಕಿದ ಪ್ರಾಣಿ ಅಂದರೆ ಮೊದಲು ಎತ್ತು, ಎಮ್ಮೆ, ಆಡು. ಸೋಫಾ ಮೇಲೆ ಕೂರೋ ನಾಯಿ ಬೆಕ್ಕಿನ ಪುಸ್ತಕಗಳನ್ನಷ್ಟೇ ಆರಿಸಬೇಡಿ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಇಟ್ಟುಕೊಂಡರೆ ಇನ್ನೂ ಚಂದ. ಕಥೆ ಆದ ಮೇಲೆ ತಾಯಂದಿರು ಎರೆಮಣ್ಣಿನಲ್ಲಿ ಎತ್ತು ಮಾಡಲಿ, ಮಕ್ಕಳು ಮಣ್ಣು ಮುಟ್ಟಿ, ತಟ್ಟಿ ನೋಡಲಿ. ಬಕೆಟ್ ನೀರು, ಸೋಪು ಪಕ್ಕದಲ್ಲೇ ಇರಲಿ.

ಬೆಳಿಗ್ಗೆ ಹತ್ತೂವರೆಗೆ ಇಡಿ. ಮಧ್ಯಾಹ್ನ ಬಿಸಿಲು, ಜೊತೆಗೆ ನಿದ್ದೆ ಹೊತ್ತು. ಉರ್ದು, ಮರಾಠಿ, ಲಂಬಾಣಿ ಆಡೋ ಮನೆಯವರು ಬಂದರೆ ಆ ತಾಯಂದಿರಿಗೆ ಅವರ ಮಾತಿನಲ್ಲೇ ಒಂದು ಪ್ರಾಣಿ ಹಾಡು ಹೇಳೋಕೆ ಹೇಳಿ.

ಪಶುವೈದ್ಯ (ಬೆಳಗಾವಿ)

ಕೊನೆಯ ಐದು ನಿಮಿಷ ತಾಯಂದಿರಿಗೆ ಇಡಿ ಮೇಡಂ. ತಿನ್ನೋ ನಾಯಿ, ಮಲಗಿರೋ ನಾಯಿ, ಮರಿ ಹಾಕಿರೋ ನಾಯಿ ಹತ್ತಿರ ಮಗುವನ್ನು ಬಿಡಬಾರದು. ಕಚ್ಚಿದರೆ, ಬರೀ ಉಗುರು ತಾಗಿ ರಕ್ತ ಬಂದಿದ್ದರೂ, ಗಾಯವನ್ನು ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಶಿನ ಏನೂ ಹಚ್ಚಬಾರದು. ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು, ಹೇಳಿದ ದಿನಗಳಿಗೆಲ್ಲ ಹೋಗಿ ಪೂರ್ತಿ ಮಾಡಬೇಕು. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸೋಕೆ ಆಗೋದಿಲ್ಲ ಅಂತಲೇ ತಿಳಿಯಿರಿ. ನಾಯಿ ಸಾಕಿದವರು ವರ್ಷಾ ವರ್ಷಾ ಲಸಿಕೆ ಹಾಕಿಸಲಿ.

ಪುಸ್ತಕದಕ್ಕ (ಮುಧೋಳ ತಾಲೂಕು)

ಬರೆದುಕೊಂಡೆ ಸರ್. ಆಶಾ ಕಾರ್ಯಕರ್ತೆಯನ್ನೂ ಕರೆಯುತ್ತೇನೆ, ಅವರ ಬಾಯಲ್ಲಿ ಕೇಳಿದರೆ ತಾಯಂದಿರು ಮರೆಯಲ್ಲ. ಶುರುವಿಗೆ ಹಾಡು, ಕರುವಿನ ಕಥೆ, ಎಮ್ಮೆ ನಡಿಗೆ, ಡಬ್ಬಿ ಆಟ, ಹಾಡು. ನಾಳೆ ಮುಧೋಳಕ್ಕೆ ಹೋಗಿ ಪ್ರಿಂಟ್ ತೆಗೆಸುತ್ತೇನೆ.

ಅಂಗನವಾಡಿ ಟೀಚರ್ (ಬಾದಾಮಿ ಕಡೆ)

ಬಣ್ಣದಲ್ಲೇ ತೆಗೆಸಿ ಅಕ್ಕಾರೆ, ಕಪ್ಪು ಬಿಳುಪಿನಲ್ಲಿ ಎಮ್ಮೆ ಯಾವುದು, ಕರು ಯಾವುದು ಈ ವಯಸ್ಸಿಗೆ ತಿಳಿಯಲ್ಲ. ಲ್ಯಾಮಿನೇಷನ್ ಮಾಡಿಸಿದರೆ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪಾಗಿದ್ದರೆ ಕಣ್ಣಿಗೆ ಚುಚ್ಚುತ್ತೆ.