ಬಿಸಿ ಕಲ್ಲಿದ್ದಲ ಅನಿಲದ ಪಾದರಸ ಇದ್ದಿಲಿನಲ್ಲಿ ನಿಲ್ಲುತ್ತಿಲ್ಲ

ಪ್ರಶ್ನೆ (ಪೊನ್ನಂಪೇಟೆ):
ನಮಸ್ಕಾರ. ನಮ್ಮ ಪ್ರಯೋಗಾಲಯದ ಸಣ್ಣ ಗ್ಯಾಸಿಫೈಯರ್‌ನಲ್ಲಿ ಕಲ್ಲಿದ್ದಲಿನಿಂದ ಇಂಧನ ಅನಿಲ ತಯಾರಿಸಿ, ಸೈಕ್ಲೋನ್ (ಅನಿಲವನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಸಾಧನ) ದಾಟಿ ಬಂದದ್ದನ್ನು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಕಲ್ಲಿದ್ದಲಿನಿಂದ ಬಂದ ಪಾದರಸವನ್ನು ಹಿಡಿಯಲು ಗಂಧಕ ಸೇರಿಸಿದ ಸಕ್ರಿಯ (ಸೂಕ್ಷ್ಮ ರಂಧ್ರಗಳಿರುವ) ಇದ್ದಿಲಿನ ಮೂಲಕ ಹಾಯಿಸುತ್ತಿದ್ದೇವೆ. ಮೊದಲ ಅರ್ಧ ಗಂಟೆ ಪಾದರಸ ಇಳಿಯುತ್ತದೆ; ಆಮೇಲೆ ಒಳಬರುವುದಕ್ಕಿಂತ ಹೊರಹೋಗುವ ಅನಿಲದಲ್ಲೇ ಹೆಚ್ಚು ಕಾಣುತ್ತದೆ. ಇದ್ದಿಲನ್ನು ಎರಡು ಸಲ ಬದಲಿಸಿಯೂ ನೋಡಿದೆವು. ದೋಷ ಎಲ್ಲಿದೆ?

ಉತ್ತರ (ವಿರಾಜಪೇಟೆ):
ದೋಷ ಇದ್ದಿಲಿನದಲ್ಲ, ಅದನ್ನು ಇಟ್ಟಿರುವ ಜಾಗದ್ದು. ಮೊದಲ ಅರ್ಧ ಗಂಟೆ ಇದ್ದಿಲು ಪೂರ್ತಿ ಕಾದಿರುವುದಿಲ್ಲ, ಆದ್ದರಿಂದ ಹಿಡಿಯುತ್ತದೆ. ಕಾದ ಮೇಲೆ ಗಂಧಕವೂ ಕಳಚಿಕೊಳ್ಳುತ್ತದೆ, ಹಿಡಿದಿದ್ದ ಪಾದರಸವೂ ಬಿಟ್ಟು ಹೊರಡುತ್ತದೆ. ಚಿಮಣಿ ಹೊಗೆಯಲ್ಲಾದರೆ ಪಾದರಸದ ಒಂದು ಪಾಲು ಕ್ಲೋರೈಡ್ ಆಗಿ ಸುಲಭವಾಗಿ ಸಿಕ್ಕಿಬೀಳುತ್ತದೆ, ಆದರೆ ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ತುಂಬಿದ ನಿಮ್ಮ ಅನಿಲದಲ್ಲಿ ಅದು ಬಹುಪಾಲು ಧಾತುರೂಪದ (ಬೇರೇನೊಂದಿಗೂ ಕೂಡದ) ಆವಿಯಾಗಿಯೇ ಉಳಿಯುತ್ತದೆ. ಅಮೆರಿಕದ ಟೆನೆಸ್ಸಿ ರಾಜ್ಯದ ಕಿಂಗ್ಸ್‌ಪೋರ್ಟ್‌ನಲ್ಲಿರುವ ಈಸ್ಟ್‌ಮನ್ ರಾಸಾಯನಿಕ ಕಂಪನಿಯ ಕಲ್ಲಿದ್ದಲ ಅನಿಲ ಘಟಕ 1983ರಿಂದ ಬಳಸಿದ್ದೂ ಇಂಥದೇ ಇದ್ದಿಲು. ಅನಿಲವನ್ನು ಸುಮಾರು 30 ಡಿಗ್ರಿಗೆ ತಣಿಸಿದ ಮೇಲೆ.

ಪ್ರಶ್ನೆ:
ತಣಿಸಿದೆವು ಸರ್, ಪಾದರಸ ನಿಂತಿತು. ಆದರೆ ಮರುದಿನ ಒತ್ತಡ ಏರಿತು. ಪಾತ್ರೆ ಬಿಚ್ಚಿದಾಗ ತಳದ ಇದ್ದಿಲು ಕಪ್ಪು ಜಿಡ್ಡಿನೊಂದಿಗೆ ಒದ್ದೆ ಮುದ್ದೆಯಾಗಿತ್ತು.

ಉತ್ತರ:
ಜಿಡ್ಡು ಟಾರ್ (ಕಲ್ಲಿದ್ದಲಿನಿಂದ ಬರುವ ಡಾಂಬರಿನಂಥ ಅಂಟು), ಒದ್ದೆ ಅನಿಲದ್ದೇ ನೀರಾವಿ. ಇದ್ದಿಲಿಗಿಂತ ಮೊದಲೇ ಟಾರನ್ನು ತೊಳೆದು ತೆಗೆಯಿರಿ. ಅನಿಲವನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ತಣಿಸಿ ನೀರನ್ನು ಬಸಿದು, ಇದ್ದಿಲಿನೊಳಗೆ ಮತ್ತೆ ನೀರು ಇಳಿಯದಂತೆ ಕೆಲವು ಡಿಗ್ರಿ ಬೆಚ್ಚಗೆ ಮಾಡಿ ಒಳಬಿಡಿ. ಹೊಸ ಇದ್ದಿಲಿನ ಚೀಲವನ್ನು ಬಾಯಿ ತೆರೆದು ಇಡಬೇಡಿ. ನಮ್ಮ ಮಳೆಗಾಲದಲ್ಲಿ ಒಣಗಿದ ಕಾಫಿ ಹೇಗೆ ಮತ್ತೆ ತೇವ ಎಳೆದುಕೊಳ್ಳುತ್ತದೋ ಅದೂ ಹಾಗೆಯೇ.

ತಣಿಸದೆಯೇ ತೆಗೆಯಬೇಕೆಂದಿದ್ದರೆ ದಾರಿ ಬೇರೆ. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಮೇಲೆ ಕೂರಿಸಿದ ಪಲ್ಲಾಡಿಯಂ ಎಂಬ ಲೋಹ 200 ಡಿಗ್ರಿ ದಾಟಿದ ಬಿಸಿಯಲ್ಲೂ ಪಾದರಸವನ್ನು ಮಿಶ್ರಲೋಹವಾಗಿ ಬಂಧಿಸುತ್ತದೆ. ಆರ್ಸೈನ್ ಮತ್ತು ಹೈಡ್ರೋಜನ್ ಸೆಲೆನೈಡ್ ರೂಪದಲ್ಲಿ ಬರುವ ಆರ್ಸೆನಿಕ್, ಸೆಲೆನಿಯಂಗಳನ್ನೂ ಹಿಡಿಯುತ್ತದೆ. ಬೆಲೆ ಮಾತ್ರ ಬಹಳ. ಕಲಿಕೆಯ ಪ್ರಯೋಗಕ್ಕೆ ಅಷ್ಟು ಖರ್ಚು ಬೇಡವೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಪಾತ್ರೆ ಬಿಚ್ಚುವ ಮೊದಲು ನೈಟ್ರೋಜನ್ ಹಾಯಿಸಿ; ಒಳಗೆ ಉಳಿದ ವಿಷಕಾರಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತೆಗೆದ ಇದ್ದಿಲು, ಬಸಿದ ನೀರು ಎರಡನ್ನೂ ಮುಚ್ಚಳ ಬಿಗಿದ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಿ. ತೋಟದ ಗುಂಡಿಗೆ ಸುರಿದರೆ ಅದು ತೋಡಿಗಿಳಿದು ಲಕ್ಷ್ಮಣತೀರ್ಥ ಸೇರುತ್ತದೆ.