ಜಿಗಿಯುವ ಕುದುರೆ ಲಗಾಮಿನ ಮೇಲೆ ಒರಗುತ್ತದೆ: ಹಗುರಾಗಿಸುವುದು ಹೇಗೆ?

ಪ್ರಶ್ನೆ: ಮಾನ್ಯರೇ, ಗೋಣಿಕೊಪ್ಪದ ಬಳಿಯ ನಮ್ಮ ತೋಟದಲ್ಲಿ ರೇಸು ಬಿಟ್ಟು ಬಂದ ಒಂಬತ್ತು ವರ್ಷದ ಥರೋಬ್ರೆಡ್ ಕುದುರೆಯಿದೆ. 80 ಸೆಂಟಿಮೀಟರ್ ಎತ್ತರವನ್ನು ಸಲೀಸಾಗಿ ಹಾರುತ್ತದೆ. ಆದರೆ ಎರಡನೆಯ ತಡೆ ದಾಟುವಷ್ಟರಲ್ಲಿ ತಲೆ ತಗ್ಗಿಸಿ ನನ್ನ ಕೈಗೆ ಜೋತುಬೀಳುತ್ತದೆ. ಬಿಗಿಯಾದ ಕಡಿವಾಣ ಹಾಕಬಹುದೇ?

ಉತ್ತರ: ದಯವಿಟ್ಟು ಬೇಡ. ನಾನೂ ಹಿಂದೆ ಹಾಗೆ ಮಾಡಿ, ಬಾಯಿ ಮರಗಟ್ಟಿದ ಕುದುರೆಯನ್ನು ಸರಿಪಡಿಸಲು ವರ್ಷ ಕಳೆದವನು. ನಿಂತ ಕುದುರೆಯಲ್ಲೇ ಶೇಕಡಾ 55ರಿಂದ 60ರಷ್ಟು ತೂಕ ಮುಂಗಾಲುಗಳ ಮೇಲಿರುತ್ತದೆ. ನೀವು ಎಳೆದು ಹಿಡಿದರೆ ಆ ಭಾರಕ್ಕೆ ನಿಮ್ಮ ಕೈಯೇ ಊರುಗೋಲಾಗುತ್ತದೆ. ಹಿಂಗಾಲು ಹೊಟ್ಟೆಯಡಿಗೆ ಬಂದು ಭಾರ ಹೊರುವುದನ್ನು ಕಲಿಸಬೇಕು. ಅದಕ್ಕೂ ಮೊದಲು ಹಲ್ಲು, ಬೆನ್ನು, ಲಾಳ, ಜೀನುಗಳನ್ನು ಪರೀಕ್ಷೆ ಮಾಡಿಸಿ. ನೋವಿರುವ ಕುದುರೆಗೆ ವ್ಯಾಯಾಮ ಮದ್ದಲ್ಲ.

20 ಮೀಟರ್ ವ್ಯಾಸದ ವೃತ್ತದಲ್ಲಿ ಟ್ರಾಟ್ (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಕುಲುಕು ಓಟ) ಮಾಡಿಸುತ್ತಾ, ಮೂರು ಹೆಜ್ಜೆ ನಡಿಗೆಗೆ ತಂದು, ಕೂಡಲೇ ಮತ್ತೆ ಟ್ರಾಟಿಗೆ ಕಳುಹಿಸಿ. ಇಳಿಸುವಾಗ ಬೆನ್ನು ನೆಟ್ಟಗಿಟ್ಟು ಕಾಲಿನಿಂದ ಒತ್ತಿ, ಬೆರಳುಗಳನ್ನು ಕ್ಷಣಮಾತ್ರ ಮುಚ್ಚಿ, ಅದು ಒರಗುವ ಮೊದಲೇ ಒಳಗಿನ ಲಗಾಮನ್ನು ಸಡಿಲಿಸಿ. ಹಗುರಾದ ಗಳಿಗೆ ನಿಮಗೇ ತಿಳಿಯುತ್ತದೆ: ಬಕೆಟಿನಂತೆ ಜಗ್ಗುತ್ತಿದ್ದ ಲಗಾಮು ಬೆರಳಿನ ನಡುವೆ ಕೇವಲ ತೊಗಲಿನಷ್ಟೇ ತೂಗುತ್ತದೆ. ನಂತರ ಮೂರು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿ ಅಲ್ಲಿಂದಲೇ ಟ್ರಾಟ್ ಮಾಡಿಸಿ. 18ನೆಯ ಶತಮಾನದ ಫ್ರೆಂಚ್ ಸವಾರಿ ಗುರು ಲಾ ಗೆರಿನಿಯೇರ್ ರೂಪಿಸಿದ ಶೋಲ್ಡರ್-ಇನ್ (ಕುದುರೆಯ ಭುಜವನ್ನು ತುಸು ಒಳಕ್ಕೆ ತಂದು ಓರೆಯಾಗಿ ನಡೆಸುವ ವ್ಯಾಯಾಮ) ಕೂಡ ಒಳಗಿನ ಹಿಂಗಾಲನ್ನು ಇದೇ ಕೆಲಸಕ್ಕೆ ಹಚ್ಚುತ್ತದೆ.

ಜಿಗಿತಕ್ಕೆ ಸಿಲ್ವರ್ ಓಕ್ ಕಂಬಗಳೇ ಸಾಕು. ಟ್ರಾಟಿಗೆ ನೆಲದ ಮೇಲೆ ನಾಲ್ಕು ಕಂಬಗಳನ್ನು ಸುಮಾರು 1.3 ಮೀಟರ್ ಅಂತರದಲ್ಲಿ ಇಡಿ. ಅದು ಒಗ್ಗಿದ ಮೇಲೆ ಮೊಣಕಾಲೆತ್ತರದ ಎರಡು ತಡೆಗಳನ್ನು ಸುಮಾರು 3 ಮೀಟರ್ ಅಂತರದಲ್ಲಿ ನಿಲ್ಲಿಸಿ, ಟ್ರಾಟಿನಲ್ಲೇ ಬಂದು, ನಡುವೆ ಹೆಜ್ಜೆಯಿಲ್ಲದೆ ಹಾರಿಸಿ. ಹಾರುವಾಗ ಕೈ ಕುತ್ತಿಗೆಯ ಜೊತೆ ಮುಂದೆ ಹೋಗಲೇಬೇಕು. ದಾಟಿದ ನಂತರ ನೇರ ಸಾಲಿನಲ್ಲೇ ನಿಧಾನವಾಗಿ ನಿಲ್ಲಿಸಿ. ವಾರಕ್ಕೆ ಒಂದು ದಿನ, ಇಪ್ಪತ್ತು ನಿಮಿಷ ಸಾಕು.

ಪ್ರಶ್ನೆ: ಸರ್, ಮಳೆಗಾಲದಲ್ಲಿ ಕಾಫಿ ಒಣಗಿಸುವ ಕಣ ಖಾಲಿಯಿರುತ್ತದೆ. ಅಲ್ಲಿ ಮಾಡಿಸಬಹುದೇ?

ಉತ್ತರ: ಸಿಮೆಂಟಿನ ಕಣದಲ್ಲಿ ಖಂಡಿತ ಬೇಡ, ಲಾಳ ಜಾರುತ್ತದೆ, ಮುಂಗಾಲಿನ ಕೀಲುಗಳಿಗೆ ಪೆಟ್ಟು. ಮಳೆ ಬಿಡುವು ಕೊಟ್ಟಾಗ ತೋಟದ ಏರುದಾರಿಯಲ್ಲಿ ಚುರುಕಾಗಿ ನಡೆಸಿ, ಇಳಿಜಾರಿನಲ್ಲಿ ನಡಿಗೆಯಲ್ಲೇ ಬನ್ನಿ. ಹಿಂದಿರುಗಿ ಕೆಮ್ಮಣ್ಣಿನ ಗುರುತು ನೋಡಿ: ಇಂದು ಹಿಂಗಾಲಿನ ಗುರುತು ಮುಂಗಾಲಿನದಕ್ಕಿಂತ ಹಿಂದೆಯೇ ಬಿದ್ದಿದ್ದರೆ, ಕೆಲವು ವಾರಗಳಲ್ಲಿ ಅದು ಮುಂದೆ ಬೀಳಬೇಕು.